ಪುಕ್ಕಲಕ್ಕನ ಸಾಕ್ಷಿಗಿಡಗಳು

ಬೆಳಕು ಬರುವುದೋ ಬೇಡವೋ ಎಂದು ಇನ್ನೂ ಮೀನಮೇಷ ಎಣಿಸುತ್ತಿರುವ ಹೊತ್ತು. ಮನೆಯ ಹಿಂದೆ ಹಸಿರು ಪರದೆ ಹೊದಿಸಿದ ಚಪ್ಪರದೊಳಗೆ ಒಬ್ಬ ಹೆಂಗಸು ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಅಂಬೆಗಾಲಿಡುತ್ತ, ಕಬ್ಬಿಣದ ಮೇಜುಗಳ ಕಾಲು ಹಿಡಿಯುತ್ತಿದ್ದಾರೆ. ಬೇಡಿಕೊಳ್ಳುವುದಕ್ಕಲ್ಲ, ಪರೀಕ್ಷಿಸುವುದಕ್ಕೆ. ಆದರೆ ಮುಖ ನೋಡಿದರೆ ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದಾರೆ ಅನ್ನಿಸುತ್ತದೆ. ಪ್ರತಿ ಕಾಲೂ ಒಂದೊಂದು ಹಳೆಯ ತಗಡಿನ ಡಬ್ಬಿಯೊಳಗೆ ನಿಂತಿದೆ. ಡಬ್ಬಿಯಲ್ಲಿ ಉಪ್ಪುನೀರು. ಮೇಜಿನ ಮೇಲೆ ಸಾಲು ಸಾಲು ಟ್ರೇಗಳು. ಅವುಗಳ ಪುಟ್ಟ ಕುಳಿಗಳಲ್ಲಿ ಈಗಷ್ಟೇ ಕಣ್ಣುಬಿಟ್ಟ ಬದನೆ, ಮೆಣಸು, ಎಲೆಕೋಸಿನ ಸಸಿಗಳು.

"ಉಪ್ಪುನೀರು ದಾಟಿ ಯಾವ ಇರುವೆನೂ ಬರಲ್ಲ, ಯಾವ ಬಸವನಹುಳಾನೂ ಬರಲ್ಲ," ಟಾರ್ಚನ್ನು ಬಾಯಿಂದ ಕೈಗೆ ವರ್ಗಾಯಿಸುತ್ತ ಹೇಳುತ್ತಾರೆ. "ಆದ್ರೆ ಒಂದು ಒಣಗಿದೆಲೆ ಹಾರಿ ಬಂದು ಡಬ್ಬಿಗೆ ಅಡ್ಡ ಬಿತ್ತು ಅಂತಿಟ್ಕೊಳ್ಳಿ. ಸೇತುವೆ ಆಗೋಯ್ತು. ನಾವು ಮಲಗಿರ್ತೀವಿ, ಅವು ಮೆರವಣಿಗೆ ಹೊರಡ್ತವೆ."

ಇವತ್ತು ಸೇತುವೆ ಇಲ್ಲ. ಆದರೂ ಪರದೆಯ ಬುಡದಲ್ಲಿ ಒದ್ದೆ ಗೋಣಿ ಎತ್ತಿದರೆ ಅಡಿಯಲ್ಲಿ ಬಸವನಹುಳುಗಳ ಮಹಾಸಭೆ. ತಂಪಿಗೆ ಬಂದು ಸೇರಲಿ ಎಂದೇ ಹಾಸಿಟ್ಟ ಗೋಣಿ ಅದು. ಹೆಸರಿಗೆ ಬಸವನಹುಳು, ಕೆಲಸದಲ್ಲಿ ಬಸವಳಿಸುವ ಹುಳು. ಆಕೆ ಒಂದೊಂದನ್ನೇ ಹೆಕ್ಕಿ ಬಕೆಟ್ಟಿಗೆ ಹಾಕುತ್ತಾರೆ. ಪಕ್ಕದ ಪಾತಿಯಲ್ಲಿ ಎಳೆಯ ಕೋಸಿನ ಗಿಡವೊಂದು ಬುಡದಲ್ಲೇ ತುಂಡಾಗಿ ಮಲಗಿದೆ. ಅದರ ಸುತ್ತ ಮಣ್ಣು ಕೆದಕಿದರೆ ಬೂದುಬಣ್ಣದ ಕತ್ತರಿಹುಳು, ಹೊಟ್ಟೆ ತುಂಬ ಉಂಡು ಚಕ್ಕುಲಿಯಂತೆ ಸುತ್ತಿಕೊಂಡಿದೆ. ಹೊಲಿಗೆ ಕಲಿಯದ ದರ್ಜಿ ಇದು, ಕತ್ತರಿಸುವುದಷ್ಟೇ ಗೊತ್ತು. "ತಿನ್ನೋದಾದ್ರೆ ಪೂರ್ತಿ ತಿನ್ನು ಅಂತೀನಿ ನಾನು. ಕುತ್ತಿಗೆ ಕೊಯ್ದು ಪಕ್ಕದ್ದಕ್ಕೆ ಹೋಗೋದು ಯಾವ ಮರ್ಯಾದೆ?" ಎಂದು ಹುಳುವಿಗೇ ಕೇಳುತ್ತಾರೆ. ಹುಳು ಉತ್ತರ ಕೊಡುವುದಿಲ್ಲ. ಬಕೆಟ್ಟಿಗೆ ಬೀಳುತ್ತದೆ.

ಈಕೆಯನ್ನು ಈ ಸುತ್ತಿನಲ್ಲಿ ಎಲ್ಲರೂ ಕರೆಯುವುದು ಪುಕ್ಕಲಕ್ಕ ಎಂದು. ಕರೆಯುವವರಿಗೆ ಸಂಕೋಚವಿಲ್ಲ, ಕರೆಸಿಕೊಳ್ಳುವವರಿಗೆ ಬೇಸರವಿಲ್ಲ. ಬೀಜದಿಂದ ಸಸಿ ಎಬ್ಬಿಸಿ, ಅದಕ್ಕೆ ನಾಲ್ಕಾರು ಎಲೆ ಬರುವವರೆಗೆ ಕಾಪಾಡಿ, ತೋಟದವರಿಗೂ ಹಿತ್ತಲಿನವರಿಗೂ ಕೊಡುವುದು ಇವರ ಕಸುಬು. ಕಾಯಿ ಬಿಟ್ಟಾಗ ಹೆಸರು ಬೆಳೆದವರಿಗೆ. ಎಲೆಯ ಮರೆಯಲ್ಲಿ ಉಳಿದುಹೋಗುವವರು ಇವರು. 'ಕಾಯಿ' ಅನ್ನುವುದು ಉಳಿದವರ ಪಾಲಿಗೆ ಹಣ್ಣಾಗುವ ಮುಂಚಿನ ಮಾತು, ಪುಕ್ಕಲಕ್ಕನ ಪಾಲಿಗೆ ಅದೊಂದು ಅಪ್ಪಣೆ: ಕಾಯಿ, ಕಾಯುತ್ತಲೇ ಇರು.

ಕಾಯುವವರಿಗೆ ಹೆದರಿಕೆ ಬಿಟ್ಟಿ ಸಿಗುತ್ತದೆ. ಬೀಜ ಪೊಟ್ಟಣದಲ್ಲಿದ್ದರೆ ತೇವದ ಹೆದರಿಕೆ. ಬಿತ್ತಿದರೆ ಇಲಿಯ ಹೆದರಿಕೆ. ಮೊಳಕೆ ಎದ್ದರೆ ಗುಬ್ಬಿಯ ಹೆದರಿಕೆ, ಅದರ ಬೆನ್ನಿಗೇ ಬುಡಕೊಳೆಯ ಹೆದರಿಕೆ. ಸಂಜೆ ಒಂದು ಚೊಂಬು ನೀರು ಹೆಚ್ಚಾದರೆ ಬೆಳಿಗ್ಗೆ ಇಡೀ ಟ್ರೇ ಕೂದಲಿನಂತೆ ಒಂದೇ ಕಡೆಗೆ ಬಾಚಿಕೊಂಡು ಮಲಗಿರುತ್ತದೆ. ನಾಲ್ಕೆಲೆ ಬಂದರೆ ಬಿಳಿನೊಣ. ಹಳದಿ ಕಂಡಲ್ಲಿಗೆ ಆ ನೊಣ ಹಾರಿ ಬರುವುದರಿಂದ ಹಳದಿ ಅಂಗಿ ತೊಟ್ಟವರಿಗೆ ಈ ಚಪ್ಪರದೊಳಗೆ ಪ್ರವೇಶವಿಲ್ಲ. ಬಾಗಿಲಲ್ಲಿ ಒಂದು ಹಳೆಯ ಬೂದು ಕೋಟು ನೇತಾಡುತ್ತಿದೆ, ಹಳದಿಯವರು ಅದನ್ನು ತೊಟ್ಟು ಬರಬೇಕು. ಕೋಟು ಆನೆಗೂ ದೊಗಳೆ.

"ಸಸಿ ಅನ್ನೋದು ಸಸಾರ ಅಂದ್ಕೊಂಡಿರ್ತಾರೆ ಜನ," ಎನ್ನುತ್ತ ಪುಕ್ಕಲಕ್ಕ ಗಿರಾಕಿಗಳ ದನಿ ತೆಗೆಯುತ್ತಾರೆ. ಅಣಕದಲ್ಲಿ ಅವರನ್ನು ಮೀರಿಸುವವರು ಕಡಿಮೆ. ಮೊದಲು ಮೂಗಿನಲ್ಲಿ ಮಾತಾಡುವ ಯಜಮಾನರೊಬ್ಬರು: "ಏನಮ್ಮಾ, ಇದು ಗ್ಯಾರಂಟಿ ಬದುಕುತ್ತಾ?" ಆಮೇಲೆ ಅವಸರದ ಹೆಂಗಸೊಬ್ಬರು: "ಅಕ್ಕಾ ಅಕ್ಕಾ ಅಕ್ಕಾ, ಈ ವಾರ ನೆಟ್ರೆ ಮುಂದಿನ ವಾರ ಕಾಯಿ ಬರುತ್ತಲ್ವಾ?" ಅಣಕ ಮುಗಿಸಿ ತಮ್ಮ ದನಿಗೆ ಮರಳುತ್ತಾರೆ. "ನಾನೇನ್ ಹೇಳ್ಲಿ? ಗ್ಯಾರಂಟಿ ನನಗೇ ಇಲ್ಲ."

ಮದುವೆಯಾದ ಹೊಸದರಲ್ಲಿ ಪುಕ್ಕಲಕ್ಕ ಒಂದು ದೊಡ್ಡ ಸಸಿ ತೋಟದಲ್ಲಿ ಟ್ರೇ ತೊಳೆಯುವ ಕೆಲಸಕ್ಕಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ತೊಟ್ಟಿಯೊಳಗೆ ಕೈ. ಕೈಯ ಚರ್ಮ ಸುಲಿದು, ಬೆರಳಿನ ಗೆರೆಗಳೇ ಅಳಿಸಿಹೋಗಿದ್ದವಂತೆ. ಅಲ್ಲಿ ಸಸಿಗಳು ಲಾರಿ ಹತ್ತಿ ಹೋಗುತ್ತಿದ್ದವು, ಕೆಲವು ವಾರಗಳ ನಂತರ ಕೊಂಡವರು ಬಾಡಿದ ಗಿಡ ಹಿಡಿದು ವಾಪಸು ಬರುತ್ತಿದ್ದರು. ತೋಟದ ಮಾಲೀಕರು ಕುರ್ಚಿಯಿಂದ ಏಳದೆ ಹೇಳುತ್ತಿದ್ದ ಮಾತನ್ನು ಪುಕ್ಕಲಕ್ಕ ಈಗಲೂ ಅದೇ ಭಾರದ ದನಿಯಲ್ಲಿ, ಹೊಟ್ಟೆ ಮುಂದೆ ಚಾಚಿ ಒಪ್ಪಿಸುತ್ತಾರೆ: "ನಮ್ಮಿಂದ ಹೋಗುವಾಗ ಚೆನ್ನಾಗಿತ್ತು. ನಿಮ್ಮ ನೀರು ಸರಿಯಿಲ್ಲ, ನಿಮ್ಮ ನೆಲ ಸರಿಯಿಲ್ಲ, ನಿಮ್ಮ ಕೈಗುಣ ಸರಿಯಿಲ್ಲ."

"ಅವರು ಸುಳ್ಳು ಹೇಳ್ತಿರ್ಲಿಲ್ಲ," ಎಂದು ಸೇರಿಸುವಾಗ ಹೊಟ್ಟೆ ಒಳಕ್ಕೆ ಹೋಗಿರುತ್ತದೆ, ನಗುವೂ. "ಹೋಗುವಾಗ ನೋಡೋಕೆ ಚೆನ್ನಾಗೇ ಇರ್ತಿತ್ತು. ನಂಗೆ ಅದೇ ಭಯ. ಇಲ್ಲೇ ಸತ್ರೆ ನನ್ನ ನಷ್ಟ, ಅತ್ತು ಸುಮ್ಮನಾಗಬಹುದು. ಒಳಗೆ ರೋಗ ಇಟ್ಕೊಂಡು, ಮೇಲೆ ಹಸಿರಾಗಿ ನಗ್ತಾ, ಇನ್ನೊಬ್ರ ಮನೆಗೆ ಹೋಗತ್ತಲ್ಲ, ಅದು ಭಯ."

ಆ ಭಯದಿಂದ ಹುಟ್ಟಿದ್ದು ಅವರ ಸಾಕ್ಷಿಗಿಡಗಳು. ಚಪ್ಪರದ ಹಿಂದಿನ ಗೋಡೆಗುಂಟ ಮಣ್ಣು ತುಂಬಿದ ಚೀಲಗಳ ಸಾಲಿದೆ. ಯಾರಿಗೇ ಸಸಿ ಕೊಡಲಿ, ಅದೇ ಟ್ರೇಗಳಿಂದ ಒಂದು ಹಿಡಿ ಸಸಿ ಎತ್ತಿಟ್ಟು ಈ ಚೀಲಗಳಲ್ಲಿ ನೆಡುತ್ತಾರೆ. ಕೊಂಡವರ ಟ್ರೇಗೆ ಯಾವ ಬಣ್ಣದ ಬಟ್ಟೆಚೂರು ಕಟ್ಟಿದ್ದರೋ ಅದೇ ಬಣ್ಣದ ಚೂರು ಇಲ್ಲಿನ ಚೀಲಕ್ಕೂ. ಚೀಲದ ಮಣ್ಣನ್ನು ಹಂಡೆಯಲ್ಲಿ ಹಬೆಯಾಡಿಸಿ ಬೇಯಿಸಿರುತ್ತಾರೆ, ಗಿಡಕ್ಕೆ ಏನೇ ಬಂದರೂ ಅದು ಮಣ್ಣಿನಿಂದ ಬಂತು ಎಂಬ ನೆಪ ತಮಗೇ ಉಳಿಯಬಾರದೆಂದು. ಹೋದ ಸಸಿಗೆ ಅಲ್ಲಿ ಏನಾಗುತ್ತಿದೆ ಎಂಬುದನ್ನು ಉಳಿದ ಸಸಿ ಇಲ್ಲಿ ಹೇಳಬೇಕು. ರೋಗ ಕಂಡರೆ ಕೊಂಡವರು ಬರುವ ಮುಂಚೆ ಪುಕ್ಕಲಕ್ಕನೇ ಅವರ ಬಾಗಿಲಿಗೆ ಹೋಗುತ್ತಾರೆ.

ಬೆಳಗಿನ ಸುತ್ತಿನಲ್ಲಿ ಕೊನೆಗೆ ಹೋಗುವುದು ಈ ಗೋಡೆಯ ಹತ್ತಿರಕ್ಕೆ.

ಇವತ್ತು ನೀಲಿ ಬಟ್ಟೆಯ ಚೀಲಗಳ ಮುಂದೆ ನಿಂತವರು ಅಲ್ಲೇ ನಿಂತಿದ್ದಾರೆ. ಟೊಮೆಟೊ ಗಿಡಗಳು. ನೋಡುವವರ ಕಣ್ಣಿಗೆ ಎಲ್ಲವೂ ಹಸಿರು, ಎಲ್ಲವೂ ಒಂದೇ. "ಇದು ಗಿಡ್ಡ," ಎಂದು ಒಂದನ್ನು ತೋರಿಸುತ್ತಾರೆ. "ನಿನ್ನೆ ಮಧ್ಯಾಹ್ನ ತಲೆ ಬಗ್ಗಿಸಿತ್ತು. ಬಿಸಿಲಿಗೆ ಅಂದ್ಕೊಂಡೆ. ಆದ್ರೆ ಪಕ್ಕದ್ದು ಬಗ್ಗಿಸಿರ್ಲಿಲ್ಲ. ಬಿಸಿಲು ಇಬ್ರಿಗೂ ಒಂದೇ ಅಲ್ವಾ?"

ಬ್ಲೇಡಿನಿಂದ ಚೀಲ ಸೀಳುತ್ತಾರೆ. ಮಣ್ಣಿನ ಹೆಂಟೆಯನ್ನು ಹಾಗೇ ಬಕೆಟ್ಟಿನ ನೀರಿಗೆ ಇಳಿಸಿ, ಮಗುವಿಗೆ ತಲೆಸ್ನಾನ ಮಾಡಿಸುವ ಹಾಗೆ ಮೆಲ್ಲಗೆ ಅಲ್ಲಾಡಿಸುತ್ತಾರೆ. ಮಣ್ಣು ಕರಗಿ ಬೇರು ಈಚೆ ಬರುತ್ತದೆ. ಬೇರಿನುದ್ದಕ್ಕೂ ಸಣ್ಣ ಸಣ್ಣ ಗಂಟುಗಳು, ದಾರಕ್ಕೆ ಪೋಣಿಸಿದ ಮಣಿಗಳಂತೆ.

ಪುಕ್ಕಲಕ್ಕ ಬಕೆಟ್ಟಿನ ಪಕ್ಕದಲ್ಲೇ ಕುಸಿದು ಕೂರುತ್ತಾರೆ. ಗೇಟಿನಾಚೆ ಯಾರೋ ಸೈಕಲ್ ಬೆಲ್ ಬಾರಿಸಿದರೆ ಬೆಚ್ಚುತ್ತಾರೆ.

ಇದು ಗಂಟುಬೇರು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಬೇರಿನೊಳಗೆ ಹೊಕ್ಕು ಅಲ್ಲೇ ಸಂಸಾರ ಹೂಡುತ್ತದೆ. ಸಸಿ ಸತ್ತರೆ ಸಾಯಲಿ ಎನ್ನಬಹುದು. ಆದರೆ ಗಂಟಿನೊಳಗಿನ ಮೊಟ್ಟೆ ಒಡೆದು ಹುಳು ಮಣ್ಣಿಗಿಳಿದರೆ ಆ ನೆಲದಲ್ಲಿ ಮುಂದೆ ನೆಟ್ಟಿದ್ದೆಲ್ಲ ಸೊರಗುತ್ತ ಹೋಗುತ್ತದೆ. ನೆಲಕ್ಕೆ ಒಮ್ಮೆ ಗಂಟುಬಿದ್ದರೆ ಸುಲಭಕ್ಕೆ ಬಿಟ್ಟುಹೋಗುವ ನೆಂಟನಲ್ಲ ಅದು.

"ಗಾಳಿ," ಎನ್ನುತ್ತಾರೆ ಕೊನೆಗೆ. "ಆ ಗಾಳಿ ಬಂತಲ್ಲ, ಆಗ."

ಕೆಲವು ವಾರಗಳ ಹಿಂದೆ ದಿನಗಟ್ಟಲೆ ಬಿರುಗಾಳಿ ಬೀಸಿತ್ತು. ಪರದೆ ಪಟಪಟ ಬಡಿದುಕೊಳ್ಳುತ್ತಿತ್ತು, ಮೇಜುಗಳು ಅಲ್ಲಾಡುತ್ತಿದ್ದವು. ಟ್ರೇಗಳು ಹಾರಿ ಮಗುಚಿಕೊಂಡರೆ ಎಂಬ ದಿಗಿಲಿಗೆ ಪುಕ್ಕಲಕ್ಕ ಟೊಮೆಟೊ ಟ್ರೇಗಳಲ್ಲಿ ಕೆಲವನ್ನು ಕೆಳಗಿಳಿಸಿ ಗೋಡೆಯ ಮರೆಗೆ, ಬರೀ ನೆಲದ ಮೇಲೆ ಇಟ್ಟಿದ್ದರು. ಟ್ರೇ ನೆಲಕ್ಕೆ ತಾಗಬಾರದು ಎಂಬುದು ಈ ಕಸುಬಿನಲ್ಲಿ ಕೈಕೂಸಿಗೂ ಹೇಳಿಕೊಡುವ ಪಾಠ. ಟ್ರೇಯ ತಳದಲ್ಲಿ ತೂತುಗಳಿರುತ್ತವೆ, ಬೇರು ಆ ತೂತಿನಿಂದ ಕೆಳಗೆ ಇಣುಕುತ್ತದೆ. ಆ ಜಾಗದಲ್ಲಿ ಹಿಂದೆ ಹಳೆಯ ಬದನೆ ಪಾತಿ ಇತ್ತು, ಬದನೆಯ ಬೇರೂ ಈ ಹುಳುವಿಗೆ ಪ್ರಿಯ. ಗಾಳಿ ನಿಂತ ಮೇಲೆ ಟ್ರೇಗಳು ಮೇಲೆ ಬಂದವು. ಯಾವುದು ಕೆಳಗಿತ್ತು, ಯಾವುದು ಮೇಲಿತ್ತು ಎಂದು ಯಾರೂ ಗುರುತು ಮಾಡಲಿಲ್ಲ.

"ಕಣ್ಣಿಗೆ ಕಾಣೋ ಗಾಳಿಗೆ ಹೆದರ್ದೆ. ಕಾಣದೇ ಇರೋ ಹುಳಕ್ಕೆ ಹೆದರೋದು ಮರೆತೆ," ಎನ್ನುತ್ತ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಾರೆ.

ಗಾಳಿ ಕಣ್ಣಿಗೆ ಕಾಣುವುದಿಲ್ಲ ಎಂದು ನೆನಪಿಸುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಬರಲಾರದು.

ಆ ಸಲದ ಟೊಮೆಟೊ ಅಷ್ಟೂ ಹೋಗಿದ್ದು ಒಬ್ಬರಿಗೇ, ಅವರ ನಾದಿನಿಗೆ. ಗಂಡನ ಒಬ್ಬಳೇ ತಂಗಿ. ವರ್ಷಗಟ್ಟಲೆ ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಕಾಲಿನ ನರಗಳು ಉಬ್ಬಿದ ಮೇಲೆ, ಅಂಗಡಿ ಬಿಟ್ಟು, ಕಾಲುವೆಯ ಪಕ್ಕದಲ್ಲಿ ಯಾರೂ ಉಳದ ಒಂದು ತುಂಡು ನೆಲ ಹಿಡಿದವರು. ಕಲ್ಲು ಆರಿಸಿ, ಮುಳ್ಳು ಕಡಿದು, ಹದ ಮಾಡಿ, ಮೊದಲ ಬಾರಿಗೆ ನೆಟ್ಟಿರುವುದು ಅತ್ತಿಗೆಯ ಸಸಿ.

"ಯಾರೂ ಉತ್ತಿರದ ನೆಲ ಅದು. ಈ ರೋಗ ಅದಕ್ಕೆ ಗೊತ್ತೇ ಇರ್ಲಿಲ್ಲ," ಪುಕ್ಕಲಕ್ಕನ ದನಿ ಒಣಗಿದೆ. "ನಾನೇ ಕೈಯಾರೆ ಕಳ್ಸಿಕೊಟ್ಟೆ."

ಪುಕ್ಕಲಕ್ಕನ ಯಜಮಾನರು ಟೆಂಪೊ ಓಡಿಸುವವರು. ಚಹಾದ ಲೋಟ ಹಿಡಿದು ಹಿತ್ತಲಿಗೆ ಬಂದವರು ಹೆಂಡತಿಯ ಮುಖ ನೋಡಿ ಮೊದಲು ನಗುತ್ತಾರೆ. "ಏನೇ, ಇವತ್ತು ಯಾವ ಹುಳ ಹೆದರ್ಸಿದ್ದು? ಹೆಸರು ಹೇಳು, ಹೋಗಿ ವಿಚಾರ್ಸ್ಕೊಂಡು ಬರ್ತೀನಿ."

ಆಕೆ ಬಟ್ಟೆ ಬಿಚ್ಚಿ ತೋರಿಸುತ್ತಾರೆ. ನಗು ನಿಲ್ಲುತ್ತದೆ.

"ನೀಲಿ ಚೂರಿನದಾ?"

"ಹೂಂ ರೀ."

"ಒಂದೇ ಗಿಡ ತಾನೆ?"

"ಒಂದೇ ಬಿಚ್ಚಿರೋದು."

ಯಜಮಾನರು ಚಹಾ ಕುಡಿಯುವುದನ್ನು ಮರೆತು ಲೋಟವನ್ನು ಗೋಡೆಯ ಮೇಲಿಡುತ್ತಾರೆ. "ಮೊನ್ನೆ ತಾನೆ ಫೋನ್ ಮಾಡಿದ್ಲು ಕಣೇ. ಹೂ ಬಂದಿದೆಯಂತೆ. ಕುಣಿದಾಡ್ತಿದ್ಲು. ಈಗ ಹೋಗಿ ಕೀಳು ಅಂದ್ರೆ... ಒಂದೆರಡು ವಾರ ನೋಡೋಣ. ಅಲ್ಲಿ ಬರ್ದೇನೂ ಇರಬಹುದು."

"ಹೂ ಬಂದಿದೆ ಅಂದ್ರೆ ಬೇರೂ ದೂರ ಹೋಗಿದೆ ಅಂತ. ಎರಡು ವಾರ ಬಿಟ್ರೆ ಕೀಳೋಕೆ ಗಿಡ ಇರತ್ತೆ, ಉಳಿಸೋಕೆ ನೆಲ ಇರಲ್ಲ."

"ಅವಳ ಬಾಯಿ ಗೊತ್ತಲ್ಲ ನಿಂಗೆ."

"ಗೊತ್ತು. ಬೈಲಿ. ಟೆಂಪೊ ತೆಗೀರಿ."

ದಾರಿಯುದ್ದಕ್ಕೂ ಪುಕ್ಕಲಕ್ಕ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಟೆಂಪೊ ಗುಂಡಿಗೆ ಬಿದ್ದಾಗೆಲ್ಲ ಅದನ್ನು ಎರಡು ಕೈಯಲ್ಲೂ ಅವುಚಿಕೊಳ್ಳುತ್ತಾರೆ, ಒಳಗಿನದು ಚೆಲ್ಲಿಹೋದೀತು ಎಂಬಂತೆ.

ಕಾಲುವೆಯ ಪಕ್ಕದ ಆ ತುಂಡು ನೆಲ ದೂರದಿಂದಲೇ ಹಸಿರು ಕಾರುತ್ತಿದೆ. ಕೋಲು ನೆಟ್ಟು ದಾರ ಕಟ್ಟಿದ ಸಾಲುಗಳು ಇಸ್ತ್ರಿ ಹೊಡೆದ ಹಾಗೆ ನೇರ. ಹಳೆಯ ಕಸುಬು ಕೈಬಿಟ್ಟರೂ ಕೈ ಬಿಟ್ಟಿಲ್ಲ. ಗಿಡಗಳ ತುದಿಯಲ್ಲಿ ಸಣ್ಣ ಹಳದಿ ಹೂಗಳು. ನಾದಿನಿ ಸೊಂಟಕ್ಕೆ ಕೈಯಿಟ್ಟು ಬೇಲಿಯ ಹತ್ತಿರವೇ ನಿಂತಿದ್ದಾರೆ.

"ಏನ್ ಅತ್ತಿಗೆ, ಇಷ್ಟ್ ಬೆಳಿಗ್ಗೆ? ಕನಸಲ್ಲಿ ಬಸವನಹುಳ ಅಟ್ಟಿಸ್ಕೊಂಡು ಬಂತಾ? ಮೆತ್ತಗೆ ಓಡಿದ್ರೂ ಸಾಕಿತ್ತಲ್ಲ, ಟೆಂಪೊ ಯಾಕೆ?" ಎನ್ನುತ್ತಾರೆ. ಆಮೇಲೆ ಅಣ್ಣನ ಕಡೆ ತಿರುಗಿ, "ಹಾರ್ನ್ ಹೊಡೀಬೇಡ ಅಣ್ಣ, ನಮ್ಮ ಪುಕ್ಕಲತ್ತಿಗೆ ಟೊಮೆಟೊ ಗಿಡ ಹತ್ತಿಬಿಟ್ಟಾರು."

ಯಾರೂ ನಗುವುದಿಲ್ಲ. ನಾದಿನಿಯ ಕೈ ಸೊಂಟದಿಂದ ಇಳಿಯುತ್ತದೆ.

"ಗಿಡ ಕೀಳ್ಬೇಕು ಕಣೇ," ಎನ್ನುತ್ತಾರೆ ಪುಕ್ಕಲಕ್ಕ.

"ಯಾವ ಗಿಡ?"

"ಎಲ್ಲ."

ನಾದಿನಿ ಒಮ್ಮೆ ಹೊಲದ ಕಡೆ ನೋಡುತ್ತಾರೆ, ಒಮ್ಮೆ ಅತ್ತಿಗೆಯ ಕಡೆ. "ಎಲ್ಲಿದೆ ರೋಗ? ತೋರ್ಸಿ. ಎಲೆ ನೋಡಿ, ಕಾಂಡ ನೋಡಿ, ಹೂ ನೋಡಿ."

"ಮೇಲಿಲ್ಲ. ಕೆಳಗಿದೆ."

"ಮೇಲೆ ನಗ್ತಾ ಇರೋದನ್ನ ಕೆಳಗೆ ಅಳ್ತಾ ಇದೆಯಾ ಅಂತ ಕಿತ್ತು ನೋಡ್ಬೇಕಾ? ಅತ್ತಿಗೆ, ಮೋಡ ಬಂದ್ರೆ ಹೆದರ್ತೀರಿ, ಬಿಸಿಲು ಬಂದ್ರೆ ಹೆದರ್ತೀರಿ. ಹೋದ ತಿಂಗಳು ಎಲೆ ಮೇಲೆ ಒಂದು ಚುಕ್ಕೆ ಇದೆ ಅಂತ ನನ್ನ ನಿದ್ದೆ ಕೆಡ್ಸಿದ್ರಿ, ಅದು ಹಕ್ಕಿ ಹಿಕ್ಕೆ. ದಿನಾ ಸಾಯೋರಿಗೆ ಅಳೋರ್ಯಾರು? ಯಾವ ಹೆದರ್ಕೆ ನಂಬ್ಬೇಕು, ಯಾವುದು ಬಿಡ್ಬೇಕು ಅಂತ ನಂಗ್ ಹೇಗೆ ಗೊತ್ತಾಗ್ಬೇಕು?"

ಪುಕ್ಕಲಕ್ಕ ಮಡಿಸಿದ ಒದ್ದೆ ಬಟ್ಟೆಯನ್ನು ಬಿಚ್ಚಿ ನಾದಿನಿಯ ಅಂಗೈಯ ಮೇಲಿಡುತ್ತಾರೆ, ಅಷ್ಟೇ.

"ಇದು ನಿನ್ನ ಸಸಿಗಳ ಜೊತೆದು. ಗಾಳಿಗೆ ಹೆದರಿ ನಾನೇ ಟ್ರೇ ನೆಲಕ್ಕಿಟ್ಟೆ. ತಪ್ಪು ನಂದು. ಇಲ್ಲಿ ಕೆಲವಕ್ಕೆ ಬಂದಿರತ್ತೆ, ಕೆಲವಕ್ಕೆ ಇರಲ್ಲ. ಯಾವುದಕ್ಕೆ ಅಂತ ನಂಗೆ ಗೊತ್ತಿಲ್ಲ."

ನಾದಿನಿ ಬೇರನ್ನು ತಿರುಗಿಸಿ ನೋಡುತ್ತಾರೆ. ಉಗುರಿನಿಂದ ಒಂದು ಗಂಟನ್ನು ಒತ್ತುತ್ತಾರೆ. "ಇದು ನಿಮ್ಮ ಹಿತ್ತಲಿನ ಗಿಡ. ನಂದಲ್ಲ," ಎನ್ನುತ್ತಾರೆ. ದನಿಯಲ್ಲಿ ಮೊದಲಿನ ಖಾರವಿಲ್ಲ.

"ಒಂದೇ ಒಂದು ಕೀಳು. ನೀನೇ ಆರ್ಸು."

ನಾದಿನಿ ಸಾಲುಗಳ ನಡುವೆ ನಡೆಯುತ್ತ ಹೋಗುತ್ತಾರೆ. ಬೇಕೆಂದೇ ಎಲ್ಲಕ್ಕಿಂತ ಎತ್ತರದ, ಎಲ್ಲಕ್ಕಿಂತ ಹೆಚ್ಚು ಹೂವಿರುವ ಗಿಡದ ಮುಂದೆ ನಿಲ್ಲುತ್ತಾರೆ. ಅದಕ್ಕೆ ಕಟ್ಟಿದ ದಾರವನ್ನು ಬಿಚ್ಚಿ ಸುರುಳಿ ಸುತ್ತಿ ಕಿಸೆಗಿಟ್ಟುಕೊಳ್ಳುತ್ತಾರೆ, ಮತ್ತೆ ಕಟ್ಟುವವರ ಹಾಗೆ. ಸಲಿಕೆ ಹಾಕಿ ಹೆಂಟೆ ಸಮೇತ ಎತ್ತಿ, ಬಕೆಟ್ಟಿನಲ್ಲಿ ಅದ್ದುತ್ತಾರೆ. ನೀರು ಕೆಂಪಾಗುತ್ತದೆ. ಮೂವರ ತಲೆ ಒಂದು ಬಕೆಟ್ಟಿನ ಮೇಲೆ ಬಾಗಿದೆ, ಬಾವಿಗೆ ಬಿದ್ದಿದ್ದೇನನ್ನೋ ಹುಡುಕುವವರಂತೆ.

ಬೇರು ಮೇಲೆ ಬರುತ್ತದೆ. ಗಂಟುಗಳಿವೆ. ಹಿತ್ತಲಿನ ಗಿಡದಲ್ಲಿದ್ದುದಕ್ಕಿಂತ ದಪ್ಪನೆಯವು.

ನಾದಿನಿ ಬೇರನ್ನೇ ನೋಡುತ್ತ ನಿಂತಿದ್ದಾರೆ. ಅಣ್ಣ "ಏನೂ ಆಗಲ್ಲ ಬಿಡು" ಎಂದು ಶುರು ಮಾಡಿದರೆ, ಕೈಯೆತ್ತಿ ತಡೆಯುತ್ತಾರೆ. "ಏನ್ ಮಾಡ್ಬೇಕು, ಹೇಳಿ," ಎಂದು ಕೇಳುವುದು ಅತ್ತಿಗೆಯನ್ನು.

ಮೊದಲು ಕಾಲುವೆಯಿಂದ ಬರುವ ನೀರಿಗೆ ಅಡ್ಡ ಮಣ್ಣು ಬೀಳುತ್ತದೆ. ಹರಿಯುವ ನೀರು ಹುಳುವಿಗೆ ಬಿಟ್ಟಿ ಸವಾರಿ. ಆಮೇಲೆ ಒಂದೊಂದೇ ಗಿಡವನ್ನು ಅಗಲವಾಗಿ ಅಗೆದು, ಬುಡದ ಮಣ್ಣು ಉದುರದಂತೆ ಎತ್ತಿ, ಚೀಲಕ್ಕೆ ಇಳಿಸುವುದು. ಎಳೆದುಕೊಂಡು ಹೋಗುವಂತಿಲ್ಲ, ಎಸೆಯುವಂತಿಲ್ಲ, ಕೊಡವುವಂತಿಲ್ಲ. ಪುಕ್ಕಲಕ್ಕ ಕೆಲಸದ ನಡುವೆ ಬೇರುಗಳನ್ನು ತೊಳೆದು ನೋಡುತ್ತಿದ್ದಾರೆ. ಒಂದರಲ್ಲಿ ಗಂಟು. ಮುಂದಿನದು ಶುದ್ಧ. ಮತ್ತೆ ಎರಡರಲ್ಲಿ ಗಂಟು. ಶುದ್ಧವಾದದ್ದು ಸಿಕ್ಕಾಗಲೂ ಅದನ್ನು ಬಿಡುವ ಹಾಗಿಲ್ಲ, ಅದರ ಪಕ್ಕದಲ್ಲಿದ್ದದ್ದು ಯಾರೆಂದು ಗೊತ್ತಲ್ಲ. ಹೂಬಿಟ್ಟ ಗಿಡಗಳು ಚೀಲದ ಬಾಯಿಂದ ತಲೆ ಹೊರಹಾಕಿ ಕೂತಿವೆ.

ನೆತ್ತಿಯ ಮೇಲೆ ಬಿಸಿಲು ಬರುವ ಹೊತ್ತಿಗೆ ಸಾಲುಗಳಿದ್ದ ಕಡೆ ಗುಂಡಿಗಳಿವೆ, ಗುಂಡಿಗಳ ಪಕ್ಕದಲ್ಲಿ ಬರೀ ಕೋಲುಗಳು. ಚೀಲಗಳನ್ನು ಕಲ್ಲುಹಾಸಿನ ಮೇಲೆ ಒಟ್ಟಿ, ಒಣಗಿದ ಮೇಲೆ ಸುಡಬೇಕು. ಸಲಿಕೆ, ಬುಟ್ಟಿ, ಟೆಂಪೊದ ಚಕ್ರ, ಬಂದವರ ಚಪ್ಪಲಿ, ಎಲ್ಲವನ್ನೂ ಪುಕ್ಕಲಕ್ಕ ನಿಂತು ತೊಳೆಸುತ್ತಾರೆ. ಮನೆಗೆ ಹೊರಟಾಗ ನಾದಿನಿ ಬೇಲಿಯವರೆಗೂ ಬರುವುದಿಲ್ಲ. ಅಷ್ಟು ಹೊತ್ತಿನಲ್ಲಿ ಅವರಾಡಿದ್ದು ಕೆಲಸಕ್ಕೆ ಬೇಕಾದಷ್ಟೇ ಮಾತು: ತೆಗಿ, ಹಿಡಿ, ಇಡಿ.

ಮರುದಿನ ಮೂವರೂ ಸೇರಿ ನೆಲಕ್ಕೆ ನೀರುಣಿಸಿ, ಇಡೀ ತುಂಡಿಗೆ ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹೊದಿಸುತ್ತಾರೆ. ಅಂಚುಗಳ ಮೇಲೆ ಮಣ್ಣು ಹಾಕಿ ತುಳಿದು ಬಿಗಿ ಮಾಡುತ್ತಾರೆ. ಒಳಗೆ ಬಿಸಿಲು ಸೇರಿ, ಸೆಕೆ ಹೊರಗೆ ಹೋಗದೆ, ಮಣ್ಣು ವಾರಗಟ್ಟಲೆ ಬೇಯಬೇಕು. ಮೇಲಿನ ಮಣ್ಣಿನ ಹುಳು ಸಾಯುತ್ತದೆ. ಆಳಕ್ಕೆ ಇಳಿದಿದ್ದರೆ? "ಇಳಿದಿದ್ರೆ ಇಳಿದಿದೆ," ಎನ್ನುತ್ತಾರೆ ಪುಕ್ಕಲಕ್ಕ. ಮೋಡ ಕವಿದ ದಿನಗಳಲ್ಲಿ ಅವರಿಗೆ ತುತ್ತು ಇಳಿಯುವುದಿಲ್ಲ ಎಂದು ಯಜಮಾನರು ದೂರುತ್ತಾರೆ.

ಆ ವಾರಗಳಲ್ಲಿ ಪುಕ್ಕಲಕ್ಕನ ಚಪ್ಪರ ನಿಂತಿಲ್ಲ. ಮೆಣಸು ಹೋಗಿದೆ, ಕೋಸು ಹೋಗಿದೆ. ಮೇಜಿನ ಮೇಲೆ ಟ್ರೇಗಳನ್ನು ಕಟ್ಟಿಹಾಕಲು ತಂತಿಯ ಬಲೆ ಬಂದಿದೆ, ಎಂಥ ಗಾಳಿ ಬಂದರೂ ಕೆಳಗಿಳಿಸುವ ಪ್ರಸಂಗ ಬಾರದಂತೆ. ಹಳೆಯ ಬದನೆ ಪಾತಿಯಿದ್ದ ಜಾಗಕ್ಕೂ ಪ್ಲಾಸ್ಟಿಕ್ ಹೊದಿಕೆ ಬಿದ್ದಿದೆ. ಗಿರಾಕಿಗಳಿಗೆ ಅವರೇ ಮೊದಲು ಆ ಕತೆ ಹೇಳುತ್ತಾರೆ. ಕೇಳಿ ಕೆಲವರು ಬೇರೆ ಕಡೆ ಹೋಗಿದ್ದಾರೆ, ಕೆಲವರು ಟ್ರೇಯ ತಳ ಎತ್ತಿ ನೋಡಿ ಕೊಂಡಿದ್ದಾರೆ.

ಏನು ಆಸೆ ಎಂದು ಕೇಳಿದರೆ ಕೈಯಲ್ಲಿನ ಬೀಜಗಳನ್ನು ಕುಳಿಗೆ ಹಾಕುತ್ತಲೇ ಹೇಳುತ್ತಾರೆ: "ಅವಳು ಬೈದ್ರೆ ಸಾಕು. ದಿನಾ ಫೋನಲ್ಲಿ ಬೈತಿದ್ದೋಳು, ಗೇಲಿ ಮಾಡ್ತಿದ್ದೋಳು. ಈಗ 'ಚೆನ್ನಾಗಿದೀರಾ ಅತ್ತಿಗೆ' ಅಂತಾಳೆ. ಹಾಗೆ ಕೇಳ್ಬಿಟ್ರೆ ನಂಗೆ ಕೈಕಾಲು ತಣ್ಣಗಾಗತ್ತೆ."

ಪ್ಲಾಸ್ಟಿಕ್ ತೆಗೆದ ಮೇಲೆ ಪುಕ್ಕಲಕ್ಕ ತಮ್ಮ ಚಪ್ಪರದಿಂದ ಸೌತೆಯ ಸಸಿಗಳನ್ನು ತಂದು ಆ ನೆಲದಲ್ಲಿ ಅಲ್ಲಲ್ಲಿ ನೆಟ್ಟಿದ್ದಾರೆ. ಬೆಳೆಗಲ್ಲ, ಪರೀಕ್ಷೆಗೆ. ಮಣ್ಣಿನಲ್ಲಿ ಹುಳು ಉಳಿದಿದ್ದರೆ ಸೌತೆಯ ಬೇರು ಬಚ್ಚಿಡುವುದಿಲ್ಲ. ಬೇರು ಬಿಳಿಯಾಗಿದ್ದರೆ ನೆಲ ಉಳಿದ ಹಾಗೆ, ಗಂಟಿದ್ದರೆ ನಾದಿನಿ ಇಸ್ತ್ರಿ ಪೆಟ್ಟಿಗೆಗೆ ಮರಳಿದ ಹಾಗೆ. ಅಂಗಡಿಯಲ್ಲಿ ಅವರ ಜಾಗ ಇನ್ನೂ ಯಾರಿಗೂ ಹೋಗಿಲ್ಲ ಎಂದು ಅಲ್ಲಿನವರು ಹೇಳಿಕಳಿಸಿದ್ದಾರಂತೆ.

ಕಿತ್ತು ನೋಡುವ ಬೆಳಿಗ್ಗೆ ಬಂದಿದೆ. ಇಬ್ಬರೂ ಬಹಳ ಹೊತ್ತಿನಿಂದ ಮೊದಲ ಗಿಡದ ಮುಂದೆ ನಿಂತಿದ್ದಾರೆ. ಯಜಮಾನರು ಟೆಂಪೊದಿಂದ ಇಳಿದೇ ಇಲ್ಲ.

"ನೀವೇ ಕೀಳಿ ಅತ್ತಿಗೆ."

"ನೀನೇ ಕೀಳೇ. ನೆಲ ನಿಂದು."

ನಾದಿನಿ ಬಗ್ಗಿ ಸಲಿಕೆ ಇಳಿಸಿ, ಮಣ್ಣು ಸಮೇತ ಗಿಡವನ್ನೆತ್ತಿ ನೀರಿಗೆ ಹಾಕುತ್ತಾರೆ. ಒಂದು ಸಲ ಅಲ್ಲಾಡಿಸಿ, ನೀರು ಚೆಲ್ಲಿ, ಹೊಸ ನೀರು ಹೊಯ್ದು, ಮತ್ತೆ ಅಲ್ಲಾಡಿಸುತ್ತಾರೆ. ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

ಬೇರು ಬೆಳ್ಳಗಿದೆ. ತುದಿಯವರೆಗೂ ಬೆಳ್ಳಗಿದೆ, ಹೊಸ ದಾರದ ಹಾಗೆ.

ನಾದಿನಿ ಅದನ್ನು ಅತ್ತಿಗೆಯ ಕಡೆ ಚಾಚುತ್ತಾರೆ. ಪುಕ್ಕಲಕ್ಕ ಬೇರನ್ನು ಎರಡು ಬೆರಳ ನಡುವೆ ಹಿಡಿದು, ಬುಡದಿಂದ ತುದಿಯವರೆಗೆ ಸವರಿ, ತಿರುಗಿಸಿ ಮತ್ತೆ ಸವರುತ್ತಾರೆ. ಟೆಂಪೊದಿಂದ "ಏನಾಯ್ತು?" ಎಂಬ ಕೂಗು ಬರುತ್ತದೆ.

"ಇದು ಬೇಲಿ ಕಡೇದು," ಎನ್ನುತ್ತಾರೆ ಪುಕ್ಕಲಕ್ಕ, ಉಸಿರಿನಲ್ಲೇ. "ಕಾಲುವೆ ಪಕ್ಕದ್ದೂ ಒಂದು..."

ತಿರುಗಿ ನೋಡಿದರೆ ನಾದಿನಿ ಆಗಲೇ ಬಕೆಟ್ಟಿಗೆ ಹೊಸ ನೀರು ತುಂಬಿಸಿಕೊಂಡು ಕಾಲುವೆಯ ಕಡೆಗೆ ಹೊರಟಾಗಿದೆ.